ಸಾಧ್ಯವಿದ್ದ ಕಡೆಯಲ್ಲೆಲ್ಲ

ಗುರುರಾಜನಿಗೆ ಸ್ಲೈಡ್ ಇಲ್ಲದೆ ಮಾತು ಬರುವುದಿಲ್ಲ. ಇದು ನಾನು ಹೇಳುವ ಚಾಡಿಯಲ್ಲ, ಅಮೆರಿಕದ ಈ ಜಾನ್ಸ್ ಕ್ರೀಕ್ ಊರಿನ ಕನ್ನಡದವರಿಗೆಲ್ಲ ಗೊತ್ತಿರುವ ವಿಷಯ. ಯಾರದೋ ಹುಟ್ಟುಹಬ್ಬಕ್ಕೆ ಎರಡು ಮಾತಾಡಪ್ಪ ಎಂದರೂ ಗಂಟಲು ಸರಿಮಾಡಿಕೊಂಡು, ಫೋನ್ ತೆಗೆದು, ಬರೆದುಕೊಂಡು ಬಂದದ್ದನ್ನು ಓದುತ್ತಾನೆ. ಆದರೆ ಎರಡು ಸಾವಿರದ ಇಪ್ಪತ್ತೆರಡರ ಯುಗಾದಿ ಸಮಾರಂಭದಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಬಾಡಿಗೆಗೆ ಹಿಡಿದಿದ್ದ ಮಿಡ್ಲ್ ಸ್ಕೂಲಿನ ಕೆಫೆಟೇರಿಯಾದ ಹಿಂಬದಿಯಲ್ಲಿ ಹೋಳಿಗೆಯ ಟ್ರೇಗಳ ಮೇಲಿನ ಫಾಯಿಲ್ ತೆಗೆಯುತ್ತಿದ್ದರು, ಜನರ ಕಣ್ಣೆಲ್ಲ ಆ ಕಡೆಗಿತ್ತು. ಗುರುರಾಜ ಮಾತ್ರ ಭಾರತದ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪರದೆಯ ಮೇಲೆ ಹಾಕಿಕೊಂಡು ಹರಿಕಥೆ ದಾಸರ ಹಾಗೆ ಮೈಮರೆತಿದ್ದ.

“ಐದನೇ ಕ್ಲಾಸ್ ತನಕ ಮನೆಮಾತಲ್ಲೇ ಪಾಠ. ಉರು ಹೊಡೆಯೋದು ಇಲ್ಲವೇ ಇಲ್ಲ. ಆಟ, ಕಥೆ, ಹಾಡು. ಮೂರನೇ ಕ್ಲಾಸ್ ಮುಗಿಯೋಷ್ಟರಲ್ಲಿ ದೇಶದ ಪ್ರತಿ ಮಗೂಗೂ ಓದೋಕೆ ಬರೆಯೋಕೆ ಬರಬೇಕು. ದಟ್ ಈಸ್ ದ ಗೋಲ್. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಹೇಳಿ?”

ಕೊನೆಯ ಸ್ಲೈಡಿನಲ್ಲಿ ಅವನ ಮಗಳ ಫೋಟೋ ಬಂತು. “ಅದಕ್ಕೇ ನಾವು ಜೂನ್‌ಗೆ ಮೈಸೂರಿಗೆ ವಾಪಸ್ ಹೋಗ್ತಿದೀವಿ. ಅಕ್ಷಯಾಗೋಸ್ಕರ,” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಮೈಸೂರಿನಲ್ಲೇ ಹುಟ್ಟಿ ಬೆಳೆಯುತ್ತಿರುವ ನನ್ನ ತಂಗಿಯ ಮೊಮ್ಮಕ್ಕಳು ವಿಡಿಯೋ ಕಾಲಿನಲ್ಲಿ ನನ್ನೊಡನೆ ಬರೀ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಗುರುರಾಜ ಹೇಳುತ್ತಿರುವ ಮೈಸೂರು ಯಾವುದೋ, ಅದು ನನಗೆ ಗೊತ್ತಿರುವ ಊರಲ್ಲ ಅನ್ನಿಸಿತು.

ಅಕ್ಷಯಾ ನನ್ನ ಶಿಷ್ಯೆ. ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕನ್ನಡ ಕ್ಲಾಸು ನಡೆಸುತ್ತೇನೆ. ಬರುವ ಮಕ್ಕಳೆಲ್ಲ ಇಲ್ಲೇ ಹುಟ್ಟಿದವರು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, “ಡನ್ ಆಂಟಿ?” ಎಂದು ಮೇಲೆ ಓಡುವ ಪೈಕಿ. ಅವರ ನಡುವೆ ಏಳು ವರ್ಷದ ಈ ಹುಡುಗಿ ಮಾತ್ರ ಅಚ್ಚ ಮೈಸೂರಿನವಳ ಹಾಗೆ ಮಾತಾಡುತ್ತಿದ್ದಳು. ಅದಕ್ಕೆ ಕಾರಣ ಅವಳ ಅಜ್ಜಿ. ಗುರುರಾಜನ ತಾಯಿ ಸಾವಿತ್ರಮ್ಮ ಆರು ತಿಂಗಳಿಗೆಂದು ಬಂದವರು, ಕೋವಿಡ್ಡಿಗೆ ವಿಮಾನ ನಿಂತು ಇಲ್ಲೇ ಸಿಕ್ಕಿಹಾಕಿಕೊಂಡರು. ಬಾಗಿಲು ಹಾಕಿದ ಆ ಮನೆಯಲ್ಲಿ ಅಜ್ಜಿ ಮೊಮ್ಮಗಳಿಗೆ ಮಾತಾಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಇಂಗ್ಲಿಷಿನಲ್ಲಿ ಅಕ್ಷಯಾ ಉಗ್ಗುತ್ತಾಳೆ. ಉಗ್ಗುವುದೆಂದರೆ ಅಲ್ಪಸ್ವಲ್ಪವಲ್ಲ. ಮೊದಲ ಅಕ್ಷರಕ್ಕೇ ಸಿಕ್ಕಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಕತ್ತಿನ ನರ ಉಬ್ಬಿ, ಕೊನೆಗೆ ಕೈಚೆಲ್ಲಿ ಸುಮ್ಮನಾಗುತ್ತಾಳೆ. ಕಿಂಡರ್‌ಗಾರ್ಟನ್ ಇಡೀ ವರ್ಷ ಕಂಪ್ಯೂಟರಿನಲ್ಲೇ ನಡೆಯಿತಲ್ಲ, ಆಗ ಟೀಚರ್ ದಿನಾ “ಅಕ್ಷಯಾ, ಹನಿ, ಅನ್‌ಮ್ಯೂಟ್ ಯುವರ್‌ಸೆಲ್ಫ್” ಎನ್ನುತ್ತಿದ್ದಳಂತೆ. ಮ್ಯೂಟ್ ಆಗಿರುತ್ತಿರಲಿಲ್ಲ. ಹುಡುಗಿ ಪರದೆಯ ಮುಂದೆ ಬಾಯಿ ತೆರೆದುಕೊಂಡು ಕೂತಿರುತ್ತಿದ್ದಳು. ಅದೇ ಹುಡುಗಿ ಕೆಳಗಿಳಿದು ಅಜ್ಜಿಯ ಪಕ್ಕ ಕೂತರೆ ಅರಳು ಹುರಿದ ಹಾಗೆ ಮಾತು. ಮೊಮ್ಮಗಳಿಗೆ ಉಗ್ಗು ಇದೆ ಎಂಬುದು ಅಜ್ಜಿಗೆ ತಿಳಿಯಲೇ ಇಲ್ಲ. ಸುಮ್ಮನೆ ಕೊರಗುತ್ತಾರೆ ಎಂದು ಮಗ ಸೊಸೆಯೂ ಹೇಳಲಿಲ್ಲ.

ಅಜ್ಜಿ ಊರಿಗೆ ಹೋದ ಮೇಲೆ ಆ ಮಾತೆಲ್ಲ ನನ್ನ ಪಾಲಿಗೆ ಬಂತು. “ಆ ಅಳಿಲಿದ್ಯಲ್ಲ ಟೀಚರ್, ಕಳ್ಳಮುಂಡೇದು, ಹಕ್ಕಿ ಕಾಳೆಲ್ಲ ಅದೇ ತಿನ್ನೋದು. ಅಪ್ಪ ಕಾಳಿನ ಡಬ್ಬಿ ನೇತುಹಾಕಿರೋ ಕಂಬಕ್ಕೆ ಎಣ್ಣೆ ಹಚ್ಚಿಬಿಟ್ರು. ಅದು ಹತ್ತಿತು, ಜಾರಿತು, ಹತ್ತಿತು, ಜಾರಿತು. ಅಜ್ಜಿ ನಕ್ಕೂ ನಕ್ಕೂ ಹಲ್ಲುಸೆಟ್ಟೇ ಬಿದ್ದೋಯ್ತು!” ಈ ಕಥೆಯನ್ನು ಅವಳು ಎಷ್ಟು ಸಲ ಹೇಳಿದಳೋ, ನಾನು ಎಷ್ಟು ಸಲ ಕೇಳಿದೆನೋ. ಒಂದು ಕಡೆಯೂ ತಡವರಿಸುತ್ತಿರಲಿಲ್ಲ. ನನಗೆ ಆ ಮಗುವಿನ ಮೇಲೆ ತುಂಬ ಪ್ರೀತಿ. ಅದನ್ನು ಮುಚ್ಚಿಡುವುದೇನು.

ಅವಳ ಸ್ಕೂಲಿನಲ್ಲಿ ವಾರಕ್ಕೊಮ್ಮೆ ಸ್ಪೀಚ್ ಥೆರಪಿ ಕೊಡುವ ಮಿಸ್ ಡೆನಿಸ್ ಎಂಬಾಕೆ ಇದ್ದಾಳೆ. ಅವಳಿಗೆ ಕನ್ನಡದ ಗಂಧಗಾಳಿಯೂ ಇಲ್ಲ, ಆದರೂ ಒಂದು ದಿನ ಅಕ್ಷಯಾಳ ಕೈಲಿ ಅಳಿಲಿನ ಕಥೆಯನ್ನು ಕನ್ನಡದಲ್ಲೇ ಹೇಳಿಸಿ ಪೂರ್ತಿ ಕೇಳಿದಳಂತೆ. ಆಮೇಲೆ ತಂದೆ ತಾಯಿಯನ್ನು ಕರೆಸಿ ಹೇಳಿದಳು: ಈ ಮಗು ನಿರಾಳವಾಗಿ ಉಸಿರಾಡುವುದು ಈ ಭಾಷೆಯಲ್ಲಿ, ಏನೇ ಮಾಡಿದರೂ ಇದನ್ನು ಮಾತ್ರ ನಿಲ್ಲಿಸಬೇಡಿ, ಇದನ್ನು ಹಿಡಿದುಕೊಂಡೇ ಅವಳು ಇಂಗ್ಲಿಷಿಗೂ ಬರುತ್ತಾಳೆ.

ಗುರುರಾಜ ಆ ಮಾತನ್ನು ಕಣ್ಣಿಗೊತ್ತಿಕೊಂಡ. ಮಗಳಿಗೆ ಕನ್ನಡವೇ ಮದ್ದು ಎಂದಾದರೆ ಇಡೀ ಶಾಲೆಯೇ ಕನ್ನಡದಲ್ಲಿ ನಡೆಯುವ ಕಡೆ ಕರೆದುಕೊಂಡು ಹೋಗೋಣ ಎಂದು ಲೆಕ್ಕ ಹಾಕಿದ. ಅಂಥ ಶಾಲೆ ಎಲ್ಲಿದೆ ಎಂದು ಹುಡುಕುವಾಗ ಈ ನೀತಿ ಸಿಕ್ಕಿತು. ಅವನು ಕೆಟ್ಟವನಲ್ಲ, ಮಗಳಿಗಾಗಿ ಪ್ರಾಣ ಬಿಡುತ್ತಾನೆ. ನನಗೆ ಭಯವಾದದ್ದೇ ಅದಕ್ಕೆ.

ಯುಗಾದಿ ಕಳೆದ ವಾರ ಅವರ ಮನೆಗೆ ಹೋದೆ. ಗುರುರಾಜನ ಹೆಂಡತಿ ಶೀತಲ್ ಕಾಫಿ ತಂದಳು. ಗೋಡೆಯ ಫೋಟೋಗಳನ್ನು ಆಗಲೇ ಇಳಿಸಿಯಾಗಿತ್ತು.

“ಯಾವ ಶಾಲೆ ನೋಡಿದೀಯೋ?” ಎಂದೆ.

“ರಿಂಗ್ ರೋಡ್ ಆಚೆ ಒಂದಿದೆ ಆಂಟಿ. ಸೂಪರ್ ಕ್ಯಾಂಪಸ್. ವೆಬ್‌ಸೈಟಲ್ಲೇ ಹಾಕಿದಾರೆ, ಹೊಸ ನೀತಿಗೆ ಫುಲ್ಲಿ ಅಲೈನ್ಡ್ ಅಂತ. ಅದನ್ನ ನೋಡೇ ಅಪ್ಲೈ ಮಾಡಿದ್ದು.”

“ಅಲ್ಲಿ ಕನ್ನಡದಲ್ಲಿ ಪಾಠ ಮಾಡ್ತಾರಾ?”

“ಮಾಡಲೇಬೇಕಲ್ಲ. ಪಾಲಿಸಿಯಲ್ಲೇ ಇದೆ.” ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಕನ್ನಡಕ ಹಾಕಿಕೊಂಡು ಓದಿದೆ. ನಿಜ, ಇತ್ತು. ಐದನೇ ತರಗತಿಯವರೆಗಾದರೂ ಮನೆಮಾತಿನಲ್ಲೇ ಪಾಠ ನಡೆಯುತ್ತದೆ, ಖಾಸಗಿ ಶಾಲೆಯಾದರೂ ಅಷ್ಟೇ, ಸರ್ಕಾರಿ ಶಾಲೆಯಾದರೂ ಅಷ್ಟೇ ಎಂದಿತ್ತು. ಆದರೆ ವಾಕ್ಯದ ಶುರುವಿನಲ್ಲಿ ಒಂದು ಸಣ್ಣ ಮಾತೂ ಇತ್ತು, ಸಾಧ್ಯವಿದ್ದ ಕಡೆಯಲ್ಲೆಲ್ಲ ಎಂದು.

“ಇದನ್ನ ಓದಿದೆಯಾ?” ಎಂದು ಬೆರಳಿಟ್ಟೆ.

“ಅಯ್ಯೋ ಆಂಟಿ, ಅದು ಸುಮ್ನೆ ಲೀಗಲ್ ಭಾಷೆ. ಎಲ್ಲಾ ಡಾಕ್ಯುಮೆಂಟಲ್ಲೂ ಇರುತ್ತೆ.”

“ಸಾವಿತ್ರಮ್ಮನವರ ಮನೆ ಪಕ್ಕದಲ್ಲೇ ಸರ್ಕಾರಿ ಶಾಲೆ ಇದ್ಯಂತಲ್ಲ. ಅಲ್ಲಿ ಕನ್ನಡದಲ್ಲೇ ಪಾಠ. ಪಾಲಿಸಿ ಬರೋಕೆ ಮುಂಚಿಂದಾನೂ ಅಲ್ಲಿ ಕನ್ನಡವೇ. ಅಲ್ಲಿಗೆ ಯಾಕೆ ಹಾಕಬಾರದು?”

ಗುರುರಾಜ ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ. ಆಮೇಲೆ ನನ್ನ ಮುಖ ನೋಡಿ, “ಅಮೆರಿಕದಿಂದ ಹೋಗಿ ಸರ್ಕಾರಿ ಶಾಲೆಗಾ? ಜನ ಏನಂತಾರೆ ಆಂಟಿ?” ಎಂದ. ಪುರಾಣ ಹೇಳೋದಕ್ಕೆ, ಬದನೇಕಾಯಿ ತಿನ್ನೋದಕ್ಕೆ. ಬಾಯಿಗೆ ಬಂದ ಗಾದೆಯನ್ನು ಕಾಫಿಯ ಜೊತೆ ನುಂಗಿದೆ. ಶೀತಲ್ ನೆಲ ನೋಡುತ್ತಿದ್ದಳು.

ಆ ಶಾಲೆಯವರು ಮಗುವಿನ ಜೊತೆ ಝೂಮಿನಲ್ಲಿ ಒಂದು ‘ಇಂಟರ್ಯಾಕ್ಷನ್’ ಇಟ್ಟುಕೊಂಡರು. ಸಣ್ಣ ಮಕ್ಕಳಿಗೆ ಪ್ರವೇಶ ಪರೀಕ್ಷೆ ಮಾಡಬಾರದಲ್ಲ, ಅದಕ್ಕೆ ಆ ಹೆಸರು. ಟೀಚರ್ ಪಕ್ಕದಲ್ಲಿದ್ದರೆ ಮಾತ್ರ ಕೂರುತ್ತೇನೆ ಎಂದು ಅಕ್ಷಯಾ ಹಟ ಹಿಡಿದಳಂತೆ. ಶನಿವಾರ ಬೆಳಗ್ಗೆ ಇಡ್ಲಿ ಡಬ್ಬಿ ಹಿಡಿದು ಹೋದೆ. ನಮಗೆ ಬೆಳಗಿನ ತಿಂಡಿಯ ಹೊತ್ತು, ಅವರಿಗೆ ಸಂಜೆ. ಅಕ್ಷಯಾಗೆ ಎರಡು ಜಡೆ ಹಾಕಿ, ಹೊಸ ಫ್ರಾಕ್ ತೊಡಿಸಿದ್ದರು. ಮೈಸೂರು ಎಂದರೆ ಅವಳಿಗೆ ಅಜ್ಜಿ, ಅಷ್ಟೇ. ಹಾಗಾಗಿ ಖುಷಿಯಾಗಿಯೇ ಇದ್ದಳು.

ಪರದೆಯಲ್ಲಿ ಪ್ರಿನ್ಸಿಪಾಲ್ ಬಂದರು. ರೇಷ್ಮೆ ಸೀರೆ, ದುಂಡು ಮುಖ, ತುಂಬ ನಗು. ಅವರ ಹಿಂದಿನ ಗೋಡೆಯ ಮೇಲೆ ಹೊಸ ನೀತಿಯ ದೊಡ್ಡ ಪೋಸ್ಟರು. ‘ವಾಟ್ ಈಸ್ ಯುವರ್ ನೇಮ್, ಡಿಯರ್?’ ಎಂದು ಕೇಳಿದರು.

ಅಕ್ಷಯಾ ಬಾಯಿ ತೆರೆದಳು. “ಅ... ಅ... ಅ...” ಕಣ್ಣು ಮುಚ್ಚಿತು, ಕತ್ತು ಬಿಗಿಯಿತು. ಗುರುರಾಜ ಲ್ಯಾಪ್‌ಟಾಪಿನ ಹಿಂದೆ ನಿಂತು ತುಟಿ ಆಡಿಸುತ್ತಿದ್ದ, ಮಗಳ ಹೆಸರನ್ನು ತಾನೇ ಹೇಳಿಬಿಡುವವನ ಹಾಗೆ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು, “ಕನ್ನಡದಲ್ಲಿ ಹೇಳಮ್ಮ. ಮೈಸೂರಿನವರೇ ಅವರು,” ಎಂದೆ.

ಬಿಟ್ಟ ಬಾಣದ ಹಾಗೆ ಮಾತು ಹೊರಟಿತು. ಹೆಸರು, ಅಜ್ಜಿಯ ಮನೆ, ಅಳಿಲು, ಎಣ್ಣೆ ಹಚ್ಚಿದ ಕಂಬ, ಹಲ್ಲುಸೆಟ್ಟು. ಪ್ರಿನ್ಸಿಪಾಲರು ಹೊಟ್ಟೆ ತುಂಬ ನಕ್ಕರು. “ಎಷ್ಟು ಮುದ್ದಾಗಿ ಮಾತಾಡ್ತಾಳೆ! ನಮ್ಮಜ್ಜಿ ಮಾತಾಡಿದ ಹಾಗೇ ಇದೆ,” ಎಂದು ಅವರೂ ಕನ್ನಡದಲ್ಲೇ ಹೇಳಿದರು. ಗುರುರಾಜ ನನ್ನತ್ತ ನೋಡಿ ಹುಬ್ಬು ಹಾರಿಸಿದ. ನನ್ನ ಎದೆಯೂ ಹಗುರಾಯಿತು. ಸುಳ್ಳೇಕೆ, ನಾನೇ ತಪ್ಪು ತಿಳಿದಿದ್ದೆ ಅನ್ನಿಸಿತು.

“ಬಟ್ ಕ್ಯಾಂಪಸ್ ಒಳಗೆ ಓನ್ಲಿ ಇಂಗ್ಲಿಷ್, ಸರಿನಾ ಪುಟ್ಟಿ?” ಎಂದರು ಪ್ರಿನ್ಸಿಪಾಲ್, ಅದೇ ನಗುಮುಖದಲ್ಲಿ.

ಗುರುರಾಜ ಗಂಟಲು ಸರಿಮಾಡಿಕೊಂಡ. “ಮ್ಯಾಮ್, ಹೊಸ ನೀತಿ ಪ್ರಕಾರ ಮನೆಮಾತಲ್ಲಿ...”

“ಅಬ್ಸಲ್ಯೂಟ್ಲಿ ಸರ್! ನಾವು ಫುಲ್ಲಿ ಅಲೈನ್ಡ್. ಪ್ರತಿ ವರ್ಷ ಮಾತೃಭಾಷಾ ದಿನ ಮಾಡ್ತೀವಿ, ಮಕ್ಕಳೆಲ್ಲ ಟ್ರೆಡಿಷನಲ್ ಡ್ರೆಸ್ಸಲ್ಲಿ ಬರ್ತಾರೆ. ಕನ್ನಡ ಪೀರಿಯಡ್ಡೂ ಇದೆ. ಆದ್ರೆ ಮೀಡಿಯಂ ಅಂತ ಬಂದಾಗ, ನಮ್ಮಲ್ಲಿ ಎಲ್ಲಾ ಭಾಷೆ ಮಕ್ಕಳೂ ಇದಾರೆ, ನೋಡಿ. ಇಟ್ಸ್ ನಾಟ್ ಪಾಸಿಬಲ್.”

ಆಮೇಲೆ ಅವರು ಮೇಜಿನ ಮೇಲಿಂದ ಏನನ್ನೋ ತೆಗೆದು ಕ್ಯಾಮೆರಾಕ್ಕೆ ಹಿಡಿದರು. ಅಂಗೈ ಅಗಲದ ನೀಲಿ ಬಿಲ್ಲೆ, ಅದಕ್ಕೊಂದು ರಿಬ್ಬನ್ನು, ಮೇಲೆ ನಗುವ ಮುಖದ ಚಿತ್ರ. “ಇದು ನಮ್ಮ ಗೇಮ್ ಪುಟ್ಟಿ. ಯಾರೂ ಬೈಯಲ್ಲ, ಯಾರೂ ಹೊಡೆಯಲ್ಲ. ಯಾರು ಕನ್ನಡ ಮಾತಾಡ್ತಾರೋ ಅವರ ಕತ್ತಿಗೆ ಇದು. ಆಮೇಲೆ ಅವರು ಕಿವಿ ಇಟ್ಟು ಕೇಳ್ತಾ ಇರಬೇಕು. ಇನ್ನೊಬ್ಬರು ಮಾತಾಡಿ ಸಿಕ್ಕಿಬಿದ್ರೆ ಅವರಿಗೆ ಹಾಕಬಹುದು. ಮಕ್ಕಳಿಗೆ ಎಷ್ಟು ಇಷ್ಟ ಗೊತ್ತಾ!”

ಅಕ್ಷಯಾ ಆ ಬಿಲ್ಲೆಯನ್ನೇ ನೋಡುತ್ತ ಕೇಳಿದಳು: “ಯಾರೂ ಸಿಕ್ಕಲಿಲ್ಲ ಅಂದ್ರೆ?”

“ಮನೆಗೆ ಹಾಕ್ಕೊಂಡು ಹೋಗಿ ನಾಳೆ ತರೋದು.”

“ಮನೇಲಿ ಅಜ್ಜಿ ಇರ್ತಾರೆ. ಅಜ್ಜಿ ಹತ್ರ ಕನ್ನಡ ಮಾತಾಡಬಹುದಾ?”

“ಅಜ್ಜಿಗೂ ಇಂಗ್ಲಿಷ್ ಕಲಿಸಿಬಿಡು!” ಎಂದು ಪ್ರಿನ್ಸಿಪಾಲ್ ನಕ್ಕರು. ಆಮೇಲೆ ಗುರುರಾಜನಿಗೆ, ಮೊದಲ ವರ್ಷವಾದರೂ ಮನೆಯಲ್ಲೂ ಇಂಗ್ಲಿಷನ್ನೇ ಬಳಸಿ, ಮಗುವಿಗಿರುವ ಈ ಸಣ್ಣ ತೊಂದರೆ ಪ್ರಾಕ್ಟೀಸಿನಿಂದ ಹೋಗುತ್ತದೆ, ಸೀಟು ಕೊಟ್ಟಿದ್ದೇವೆ, ಕಂಗ್ರಾಟ್ಸ್ ಎಂದರು. ಪರದೆ ಆರಿತು. ಅಕ್ಷಯಾ ಕುರ್ಚಿಯಿಂದ ಇಳಿದು, ಇಡ್ಲಿಯನ್ನೂ ಮುಟ್ಟದೆ ತನ್ನ ರೂಮಿಗೆ ಹೋದಳು.

ನನಗೆ ಕೋಪ ತಡೆಯಲಾಗಲಿಲ್ಲ. “ಇದಕ್ಕೇನೋ ನೀನು ಸ್ಲೈಡ್ ಹಾಕಿದ್ದು? ಡೆನಿಸ್ ಏನಂದ್ಲು, ಈ ಪ್ರಿನ್ಸಿಪಾಲ್ ಏನಂತಾಳೆ? ಕನ್ನಡ ಕೊಡಿಸ್ತೀನಿ ಅಂತ ಮಗೂನ ಕರ್ಕೊಂಡು ಹೋಗಿ ಇರೋ ಕನ್ನಡಾನೂ ಕಿತ್ಕೊಳ್ತೀಯಾ?”

“ಆಂಟಿ, ಪ್ಲೀಸ್. ಪಾಲಿಸಿ ಬಂದಿರೋದೇ ಈಗ. ಇಂಪ್ಲಿಮೆಂಟ್ ಆಗೋಕೆ ಟೈಮ್ ಬೇಕು. ನಾನು ರಿಸೈನ್ ಮಾಡಿಯಾಯ್ತು, ಮನೆ ಮಾರಿಯಾಯ್ತು. ಈಗ ಏನ್ಮಾಡ್ಲಿ?”

“ಪಕ್ಕದ ಶಾಲೆಗೆ ಹಾಕು.”

ಅವನು ಆ ಮಾತು ಕೇಳಿಸದವನ ಹಾಗೆ ಕಿಟಕಿಯ ಕಡೆ ತಿರುಗಿದ. “ನಮ್ಮ ಸ್ಕೂಲಲ್ಲೂ ಇತ್ತು ಇದು. ಮರದ ತುಂಡಿಗೆ ದಾರ ಕಟ್ಟಿರೋರು. ತಿಂಗಳುಗಟ್ಲೆ ನನ್ನ ಕತ್ತಲ್ಲೇ ಇರೋದು, ನನಗೆ ಇಂಗ್ಲಿಷ್ ಬರ್ತಾನೇ ಇರ್ಲಿಲ್ಲ. ನಾನೇನು ಹಾಳಾದ್ನಾ?” ಎಂದ. ಹಾಗೆನ್ನುವಾಗ ಅವನ ಕೈ ತಂತಾನೇ ಗಂಟಲಿಗೆ ಹೋಯಿತು. ಫೋನಿಲ್ಲದೆ ಎರಡು ಮಾತಾಡಲಾಗದ ಈ ಮನುಷ್ಯನ ಕತ್ತನ್ನು ನಾನು ಅಂದು ಮೊದಲ ಸಲ ಸರಿಯಾಗಿ ನೋಡಿದೆ. ನನ್ನ ಕೋಪವೆಲ್ಲ ಇಳಿದು ಹೆದರಿಕೆ ಶುರುವಾಯಿತು. ಮರದ ತುಂಡು ಕಟ್ಟಿಸಿಕೊಂಡವನಿಗೆ ನೀಲಿ ಬಿಲ್ಲೆ ಚೆಂದವಾಗಿಯೇ ಕಂಡಿರಬೇಕು.

ಮರುದಿನ ಕ್ಲಾಸಿಗೆ ಅಕ್ಷಯಾ ಬಂದಳು. ಅಳಿಲಿನ ಸುದ್ದಿಯೇನೇ ಎಂದೆ. “ಬರ್ಲೇ ಇಲ್ಲ ಟೀಚರ್,” ಎಂದಳು. ಎಂದವಳೇ ತಪ್ಪು ಮಾಡಿದವಳ ಹಾಗೆ ಬೆಚ್ಚಿ ಬ್ಯಾಗಿಗೆ ಕೈ ಹಾಕಿದಳು. ಸೀರಿಯಲ್ ಡಬ್ಬಿಯ ರಟ್ಟನ್ನು ದುಂಡಗೆ ಕತ್ತರಿಸಿ, ನೀಲಿ ಕ್ರೇಯಾನ್ ಬಳಿದು, ಎರಡು ಕಣ್ಣು, ಒಂದು ನಗು ಬರೆದು, ಉಲ್ಲನ್ ದಾರ ಪೋಣಿಸಿದ್ದಳು. ಅದನ್ನು ತಾನೇ ಕತ್ತಿಗೆ ಹಾಕಿಕೊಂಡಳು. ಹಾಕಿಕೊಂಡು, ಮಿಕ್ಕ ಮಕ್ಕಳಲ್ಲಿ ಯಾರು ಕನ್ನಡ ಮಾತಾಡುತ್ತಾರೋ ಎಂದು ಒಬ್ಬೊಬ್ಬರ ಬಾಯನ್ನೇ ನೋಡುತ್ತ ಕೂತಳು.

ನಮ್ಮ ಬೇಸ್‌ಮೆಂಟಿನಲ್ಲಿ ಅವಳಿಗೆ ಯಾರು ಸಿಕ್ಕಿಬೀಳಬೇಕು? ಕನ್ನಡ ಕ್ಲಾಸಿನಲ್ಲಿ ಕನ್ನಡ ಮಾತಾಡುತ್ತಿದ್ದವಳು ಅವಳೊಬ್ಬಳೇ. ಕ್ಲಾಸು ಮುಗಿಯುವವರೆಗೂ ಬಿಲ್ಲೆ ಅವಳ ಕತ್ತಿನಲ್ಲೇ ಇತ್ತು. “ತೆಗಿಯಮ್ಮ, ಇದು ನನ್ನ ಕ್ಲಾಸು, ಇಲ್ಲಿ ಅದೆಲ್ಲ ಇಲ್ಲ,” ಎಂದು ನಾನು ಕೈಚಾಚಿದರೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಹಿಂದೆ ಸರಿದಳು. ನಾನು ಬೇರೆ ಮಕ್ಕಳ ಮುಂದೆಯೇ ಅತ್ತುಬಿಟ್ಟೆ. ನನ್ನ ಕಣ್ಣೀರು ನೋಡಿಯೂ ಅವಳು ಮಾತಾಡಲಿಲ್ಲ.

ಆಮೇಲಿನ ವಾರಗಳಲ್ಲಿ ಅವಳು ಬಂದಳು, ಬರೆದಳು, ತಲೆಯಾಡಿಸಿದಳು, ಹೋದಳು. ಇನ್ನೊಂದು ಭಾನುವಾರ ಶೀತಲ್ ಅವಳನ್ನು ಬಿಡಲು ಬಂದವಳು ಕಾರಿನಿಂದಿಳಿಯದೆ, “ಮನೇಲೂ ಹೀಗೇ ಆಂಟಿ,” ಎಂದಳು. “ಇವರಿಗೆ ಹೇಳಿದ್ರೆ, ನೋಡು ಎಷ್ಟು ಬೇಗ ಅಡ್ಜಸ್ಟ್ ಆಗ್ತಿದಾಳೆ ಅಂತಾರೆ.” ಮಿಸ್ ಡೆನಿಸ್ ಮತ್ತೆ ಕರೆಸಿ ಕೇಳಿದಳಂತೆ, ಮನೆಯಲ್ಲಿ ಏನಾಯಿತು ಎಂದು. ಏನೂ ಇಲ್ಲ, ಊರಿಗೆ ಹೋಗುವ ಗಡಿಬಿಡಿ ಎಂದು ಗುರುರಾಜ ಹೇಳಿ ಬಂದನಂತೆ. ‘ನೀನಾದರೂ ಗಟ್ಟಿಯಾಗಿ ನಿಲ್ಲೇ’ ಎಂದು ಶೀತಲ್‌ಗೆ ಎಷ್ಟೋ ಸಲ ಹೇಳಿದೆ. ಅವಳು ಹೂಂ ಎನ್ನುತ್ತಿದ್ದಳು, ಅಷ್ಟೇ.

ಹೊರಡುವ ಹಿಂದಿನ ದಿನ ಮಧ್ಯಾಹ್ನಕ್ಕೆ ಮುಂಚೆ ಪುಳಿಯೋಗರೆ ಮಾಡಿಕೊಂಡು ಹೋದೆ. ಖಾಲಿ ಹಾಲಿನಲ್ಲಿ ಸೂಟ್‌ಕೇಸುಗಳು ಬಾಯಿ ತೆರೆದು ಬಿದ್ದಿದ್ದವು. ಗುರುರಾಜ ಒಂದೊಂದನ್ನೇ ಎತ್ತಿ ತೂಕ ನೋಡುತ್ತಿದ್ದ. ಅಷ್ಟರಲ್ಲಿ ಮೈಸೂರಿನಿಂದ ಸಾವಿತ್ರಮ್ಮನ ವಿಡಿಯೋ ಕಾಲ್ ಬಂತು. ಶೀತಲ್ ಫೋನನ್ನು ಮಗಳ ಕೈಗೆ ಕೊಟ್ಟಳು.

“ಚಿನ್ನಾ! ಬಂದ್ಯಾ? ಕೋಡುಬಳೆ ಕರಿದಿಟ್ಟಿದೀನಿ ಕಣೇ. ನಿನ್ ಮಂಚ ನನ್ ಮಂಚದ ಪಕ್ಕಾನೇ ಹಾಕ್ಸಿದೀನಿ, ರಾತ್ರಿಯೆಲ್ಲಾ ಕಥೆ. ಆ ಕಳ್ಳ ಅಳಿಲು ಏನ್ ಮಾಡ್ತು ಹೇಳು, ಮತ್ತೆ ಬಂತಾ?”

ಅಕ್ಷಯಾಳ ಮುಖ ಅರಳಿತು. ಬಾಯಿ ತೆರೆದಳು. ಮಾತು ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಆಮೇಲೆ ಅವಳ ಕೈ ಟೀ ಶರ್ಟಿನ ಮೇಲೆ, ಎದೆಯ ನಡುವೆ ಹೋಗಿ ನಿಂತಿತು. ಬಟ್ಟೆಯ ಒಳಗೆ ದುಂಡಗಿನ ರಟ್ಟು ಎದ್ದು ಕಾಣುತ್ತಿತ್ತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

“ದ... ದ... ದ ಸ್ಕ್... ಸ್ಕ್... ಸ್ಕ್...”

“ಏನು ಚಿನ್ನಾ?”

“ಸ್ಕ್... ಸ್ಕ್...”

ನಾನು ಅವಳ ಬೆನ್ನ ಮೇಲೆ ಕೈಯಿಟ್ಟು, “ಸ್ಕ್ವಿರಲ್ ಬೇಡ, ಅಳಿಲು ಅನ್ನಮ್ಮ, ಅಜ್ಜಿಗೆ ಅಳಿಲು ಅನ್ನು,” ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಕತ್ತಿನ ನರ ಹುರಿಯ ಹಾಗೆ ಉಬ್ಬಿತ್ತು.

“ಗುರು, ಮಗು ಮಾತು ಕಟ್ ಕಟ್ ಆಗ್ತಿದೆ ಕಣೋ,” ಎಂದರು ಸಾವಿತ್ರಮ್ಮ, ಫೋನನ್ನು ಕಿವಿಯ ಹತ್ತಿರ ಹಿಡಿದುಕೊಂಡು. ಪರದೆಯ ತುಂಬ ಅವರ ನೆರೆತ ಕೂದಲು, ಓಲೆ. “ಬರೀ ಚೂರು ಚೂರು ಕೇಳ್ತಿದೆ. ನಿಮ್ ಕಡೆ ನೆಟ್‌ವರ್ಕ್ ಸರಿಯಿಲ್ವೇನೋ?”

ಗುರುರಾಜ ಸೂಟ್‌ಕೇಸನ್ನು ಕೆಳಗಿಟ್ಟು ಬಂದ. ಮಗಳ ಕೈಯಿಂದ ಫೋನ್ ತೆಗೆದುಕೊಂಡ. ಮಗಳನ್ನು ನೋಡಿದ, ಅವಳ ಕೈ ಎಲ್ಲಿದೆ ಎಂಬುದನ್ನೂ ನೋಡಿದ. ಎಲ್ಲ ಅರ್ಥವಾಗಿತ್ತು ಅವನಿಗೆ, ನಾನು ಆಣೆಯಿಟ್ಟು ಹೇಳಬಲ್ಲೆ. ಒಂದು ಕ್ಷಣ, ಈಗಲಾದರೂ ಇವನು ಏನಾದರೂ ಹೇಳುತ್ತಾನೆ ಎಂದು ಶೀತಲ್ ಮತ್ತು ನಾನು ಕಾದು ನಿಂತೆವು.

ಅವನು ಗಂಟಲು ಸರಿಮಾಡಿಕೊಂಡ.

“ಹೂಂ ಅಮ್ಮ, ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ. ಅಲ್ಲಿಗೆ ಬಂದ್ಮೇಲೆ ಎಲ್ಲಾ ಸರಿಹೋಗುತ್ತೆ,” ಎಂದ.